ಆನ್‌ಲೈನ್ ಕೋರ್ಸ್ ನಡುವೆ ತಾಂತ್ರಿಕ ತೊಂದರೆ ಬಂದರೆ: ಯಾವುದು ಮೊದಲು, ಯಾವುದು ಆಮೇಲೆ

"ಅಸೈನ್‌ಮೆಂಟ್ ಅಪ್‌ಲೋಡ್ ಆಗ್ತಿಲ್ಲ, ಇನ್ನು ಅರ್ಧ ಗಂಟೆ ಇದೆ, ಏನು ಮಾಡ್ಲಿ?" "ಪರೀಕ್ಷೆ ಮಧ್ಯೆ ನೆಟ್ ಹೋಯ್ತು, ಬರೆದಿದ್ದೆಲ್ಲ ಹೋಯ್ತಾ?" "ಕ್ಲಾಸಲ್ಲಿ ನನ್ನ ದನಿ ಯಾರಿಗೂ ಕೇಳಿಸ್ತಿಲ್ಲ." ಆನ್‌ಲೈನ್‌ನಲ್ಲಿ ಕಾಲೇಜು ಕೋರ್ಸ್ ಮಾಡುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ತೊಂದರೆ ಯಾವುದೇ ಇರಲಿ, ಕೆಲಸದ ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ. ಎಲ್ಲಿ ಕೆಟ್ಟಿದೆ ಅಂತ ಪತ್ತೆ ಮಾಡಿ, ಸಾಕ್ಷಿ ಇಟ್ಟುಕೊಳ್ಳಿ, ಅಧ್ಯಾಪಕರಿಗೆ ತಿಳಿಸಿ, ಆಮೇಲೆ ರಿಪೇರಿಗೆ ಇಳಿಯಿರಿ. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಎರಡು ಗಂಟೆ ಒದ್ದಾಡಿ, ಗಡುವು ಮುಗಿದ ಮೇಲೆ ಮೇಲ್ ಬರೆಯುತ್ತಾರೆ. ಅಷ್ಟು ಹೊತ್ತಿಗೆ ನಿಜ ಹೇಳಿದರೂ ನೆಪದ ಹಾಗೆ ಕೇಳಿಸುತ್ತದೆ.

ಮುಂದೆ 'ಪೋರ್ಟಲ್' ಅಂದರೆ ನಿಮ್ಮ ಪಾಠ, ಅಸೈನ್‌ಮೆಂಟ್, ಪರೀಕ್ಷೆ, ಅಂಕ ಎಲ್ಲ ಇರುವ ಕಾಲೇಜಿನ ಜಾಲತಾಣ ಎಂದು ತಿಳಿಯಿರಿ. ಇದನ್ನು ಎಲ್‌ಎಂಎಸ್ ಅಂತಲೂ ಕರೆಯುತ್ತಾರೆ. ಮೂಡಲ್, ಕ್ಯಾನ್ವಾಸ್, ಬ್ಲ್ಯಾಕ್‌ಬೋರ್ಡ್ ಇವೆಲ್ಲ ಅಂಥವೇ.

ಹಂತ 1: ಕೋರ್ಸ್ ಶುರುವಾದ ವಾರವೇ ಇಷ್ಟು ಮಾಡಿಡಿ

ಮೊದಲು ಕೋರ್ಸಿನ ನಿಯಮಗಳ ಪುಟ ಓದಿ. ತಡವಾಗಿ ಕೊಟ್ಟರೆ ಏನಾಗುತ್ತದೆ, ತಾಂತ್ರಿಕ ತೊಂದರೆ ಬಂದರೆ ಯಾರಿಗೆ ಹೇಳಬೇಕು ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಹೆಲ್ಪ್‌ಡೆಸ್ಕ್‌ನ ಫೋನ್ ನಂಬರ್, ಇಮೇಲ್, ಅದು ತೆರೆದಿರುವ ಸಮಯ, ಅಧ್ಯಾಪಕರ ಇಮೇಲ್ – ಇವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಹತ್ತಿರ ಅಂಟಿಸಿ. ಪೋರ್ಟಲ್ ಒಳಗಿದೆ ಅಂತ ಸುಮ್ನೆ ಬಿಡಬೇಡಿ. ಪೋರ್ಟಲ್ಲೇ ತೆರೆಯದಿದ್ದಾಗ ಆ ನಂಬರ್ ಎಲ್ಲಿಂದ ತೆಗೆಯುತ್ತೀರಿ? ಹೆಲ್ಪ್‌ಡೆಸ್ಕ್ ಸಂಜೆಗೆ ಮುಚ್ಚುತ್ತದೆ ಅಂತಾದರೆ, ಮಧ್ಯರಾತ್ರಿಯ ಗಡುವಿಗೆ ಅದನ್ನು ನಂಬಿ ಕೂರುವ ಹಾಗಿಲ್ಲ. ಇದನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ಕಂಪ್ಯೂಟರ್‌ನಲ್ಲಿ ಎರಡು ಬ್ರೌಸರ್ ಇರಲಿ. ಕ್ರೋಮ್ ಬಳಸುವವರು ಫೈರ್‌ಫಾಕ್ಸನ್ನೂ ಹಾಕಿಕೊಳ್ಳಿ. ಎರಡರಲ್ಲೂ ಒಮ್ಮೆ ಪೋರ್ಟಲ್‌ಗೆ ಲಾಗಿನ್ ಆಗಿ ನೋಡಿ. ಫೋನಿನಲ್ಲೂ ಲಾಗಿನ್ ಆಗಿಡಿ.

ಮನೆಯ ನೆಟ್ ಹೋದರೆ ಬದಲಿಗೆ ಫೋನಿನ ಹಾಟ್‌ಸ್ಪಾಟ್ ಇರಬೇಕು, ಅಂದರೆ ಫೋನಿನ ಡೇಟಾವನ್ನೇ ಕಂಪ್ಯೂಟರ್‌ಗೆ ಹಂಚುವುದು. ಅದನ್ನು ಒಮ್ಮೆ ನಿಜವಾಗಿ ಆನ್ ಮಾಡಿ, ಕಂಪ್ಯೂಟರ್ ಜೋಡಿಸಿ, ಪೋರ್ಟಲ್ ತೆರೆದು ನೋಡಿ. ಪರೀಕ್ಷೆಯ ಹೊತ್ತಲ್ಲಿ ಹಾಟ್‌ಸ್ಪಾಟ್ ಪಾಸ್‌ವರ್ಡ್ ಹುಡುಕುತ್ತಾ ಕೂರುವ ಪಾಡು ಬೇಡ.

ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡನ್ನೂ ಕೇಳುವ ಎರಡು ಹಂತದ ಪರಿಶೀಲನೆ ಇದ್ದರೆ, ಬ್ಯಾಕಪ್ ಕೋಡ್‌ಗಳನ್ನು ಪಡೆಯಲು ಅವಕಾಶ ಇದೆಯಾ ನೋಡಿ. ಇದ್ದರೆ ಬರೆದು ಭದ್ರವಾಗಿಡಿ. ಫೋನ್ ಕಳೆದ ದಿನ ಅವೇ ನಿಮ್ಮನ್ನು ಒಳಗೆ ಬಿಡುವುದು.

ಕೊನೆಯದಾಗಿ, ಬರೆಯುವ ಕೆಲಸವೆಲ್ಲ ತಾನಾಗಿ ಸೇವ್ ಆಗುವ ಜಾಗದಲ್ಲಿ ಇರಲಿ. ಗೂಗಲ್ ಡಾಕ್ಸ್ ಆಗಬಹುದು, ಒನ್‌ಡ್ರೈವ್‌ನಲ್ಲಿಟ್ಟ ವರ್ಡ್ ಫೈಲ್ ಆಗಬಹುದು. ಲ್ಯಾಪ್‌ಟಾಪ್ ಸತ್ತರೂ ಬೇರೆ ಯಂತ್ರದಲ್ಲಿ ಕೂತು ಮುಂದುವರಿಸಬಹುದು. ಇದರಲ್ಲಿ ಹಳೆಯ ಆವೃತ್ತಿಗಳ ಇತಿಹಾಸವೂ ಉಳಿಯುತ್ತದೆ. ಯಾವ ದಿನ ಎಷ್ಟು ಬರೆದಿದ್ದೀರಿ ಅಂತ ತೋರಿಸಬೇಕಾಗಿ ಬಂದರೆ ಅದು ಬಲವಾದ ದಾಖಲೆ.

ಹಂತ 2: ಮೊದಲ ಐದು ನಿಮಿಷ – ಎಲ್ಲಿ ಕೆಟ್ಟಿದೆ?

ಕೆಡುವ ಜಾಗ ಮೂರೇ: ನಿಮ್ಮ ಯಂತ್ರ, ನಿಮ್ಮ ನೆಟ್, ಕಾಲೇಜಿನ ಪೋರ್ಟಲ್. ಯಾವುದು ಅಂತ ಗೊತ್ತಾದರೆ ಅರ್ಧ ಗೊಂದಲ ಹೋದ ಹಾಗೆ.

ಮೊದಲು ಬೇರೆ ಯಾವುದಾದರೂ ಸೈಟ್ ತೆರೆಯಿರಿ. ಅದೂ ತೆರೆಯದಿದ್ದರೆ ತೊಂದರೆ ನೆಟ್‌ನದು. ತೆರೆದರೆ, ಫೋನಿನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪೋರ್ಟಲ್ ತೆರೆದು ನೋಡಿ. ಅಲ್ಲಿ ಚೆನ್ನಾಗಿ ನಡೆದರೆ ತಪ್ಪು ನಿಮ್ಮ ಕಂಪ್ಯೂಟರ್‌ನಲ್ಲೋ ಬ್ರೌಸರ್‌ನಲ್ಲೋ ಮನೆಯ ನೆಟ್‌ನಲ್ಲೋ ಇದೆ. ಅಲ್ಲೂ ಅದೇ ಎರರ್ ಬಂದರೆ ಬಹುತೇಕ ಪೋರ್ಟಲ್ಲೇ ಕೆಟ್ಟಿದೆ. ವೈಫೈ ಆಫ್ ಮಾಡುವುದನ್ನು ಮಾತ್ರ ಮರೆಯಬೇಡಿ. ಎರಡೂ ಒಂದೇ ನೆಟ್‌ನಲ್ಲಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ.

ತೆರೆಯ ಮೇಲೆ ನಂಬರ್ ಕಾಣಿಸಿದರೆ ಅದೂ ಸುಳಿವು ಕೊಡುತ್ತದೆ. 404 ಅಂದರೆ ಆ ಪುಟ ಅಲ್ಲಿಲ್ಲ. ಲಿಂಕ್ ಹಳೆಯದಿರಬಹುದು, ಕೋರ್ಸಿನ ಮುಖಪುಟದಿಂದ ಮತ್ತೆ ಹೋಗಿ. 403 ಅಂದರೆ ನಿಮಗೆ ಅನುಮತಿ ಇಲ್ಲ. ಬೇರೆ ಇಮೇಲ್ ಖಾತೆಯಿಂದ ಲಾಗಿನ್ ಆಗಿದ್ದೀರಾ ನೋಡಿ, ಇಲ್ಲವೇ ಅಧ್ಯಾಪಕರು ಆ ಪುಟವನ್ನು ಇನ್ನೂ ತೆರೆದಿಲ್ಲ. 500, 502, 503, 504 – ಹೀಗೆ ಐದರಿಂದ ಶುರುವಾಗುವುದೆಲ್ಲ ಸರ್ವರ್ ಕಡೆಯ ತೊಂದರೆ. ಅದನ್ನು ನೀವು ಮನೆಯಲ್ಲಿ ಕೂತು ಸರಿ ಮಾಡಲು ಆಗುವುದಿಲ್ಲ. ಕಂಪ್ಯೂಟರ್ ಬಿಚ್ಚಿ ಕೂರಬೇಡಿ, ನೇರ ಮುಂದಿನ ಹಂತಕ್ಕೆ ಹೋಗಿ.

ಎಚ್ಚರ: ಪರೀಕ್ಷೆಯ ಪುಟವೋ ಅರ್ಧ ಬರೆದ ಉತ್ತರವೋ ತೆರೆದಿದ್ದರೆ ರಿಫ್ರೆಶ್ ಒತ್ತಬೇಡಿ, ಟ್ಯಾಬ್ ಮುಚ್ಚಬೇಡಿ. ಬರೆದಿದ್ದನ್ನು ಮೊದಲು ಕಾಪಿ ಮಾಡಿಕೊಳ್ಳಿ. ಕಾಪಿ ಆಗದಿದ್ದರೆ ಫೋನಿನಲ್ಲಿ ಫೋಟೋ ತೆಗೆಯಿರಿ. ಫೋಟೋ ತೆಗೆಯಬಾರದ ನಿಗಾ ಪರೀಕ್ಷೆ ಆದರೆ ಬೇಡ, ಆ ಮಾತು ಹಂತ 7ರಲ್ಲಿದೆ.

ಹಂತ 3: ಸಾಕ್ಷಿ ಇಟ್ಟುಕೊಳ್ಳಿ

ಪೂರ್ತಿ ತೆರೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಪ್ರಿಂಟ್ ಸ್ಕ್ರೀನ್ ಕೀ ಒಟ್ಟಿಗೆ ಒತ್ತಿದರೆ ಪಿಕ್ಚರ್ಸ್ ಫೋಲ್ಡರ್‌ನಲ್ಲಿ ಸೇವ್ ಆಗುತ್ತದೆ. ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್, 3. ಯಂತ್ರ ಪೂರ್ತಿ ಅಲ್ಲಾಡದೆ ನಿಂತಿದ್ದರೆ ಫೋನಿನಿಂದ ಫೋಟೋ.

ಮೂರು ಸಂಗತಿ ಅದರಲ್ಲಿ ಕಾಣಬೇಕು: ಎರರ್ ಸಂದೇಶ, ಮೇಲಿರುವ ವೆಬ್ ವಿಳಾಸ, ಮೂಲೆಯಲ್ಲಿರುವ ಗಡಿಯಾರ. ತುಂಬ ಜನ ಎರರ್ ಇರುವಷ್ಟು ಜಾಗ ಮಾತ್ರ ಕತ್ತರಿಸಿ ಕಳಿಸುತ್ತಾರೆ. ಆಗ ಅದು ಇಂದಿನದೋ ಕಳೆದ ತಿಂಗಳಿನದೋ ಯಾರಿಗೆ ಗೊತ್ತಾಗಬೇಕು? ಎರರ್ ಸಂದೇಶದ ಮಾತುಗಳನ್ನೂ ಇದ್ದ ಹಾಗೇ ಬರೆದುಕೊಳ್ಳಿ. "ಏನೋ ಎರರ್ ಬಂತು" ಅಂದರೆ ಹೆಲ್ಪ್‌ಡೆಸ್ಕ್‌ನವರಿಗೆ ಏನೂ ತಿಳಿಯುವುದಿಲ್ಲ.

ಹಂತ 4: ಗಡುವು ಮುಗಿಯುವ ಮೊದಲೇ ಬರೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ತೊಂದರೆ ಸರಿಹೋಗಬಹುದು ಅನ್ನಿಸಿದರೂ ಮೊದಲು ಬರೆಯಿರಿ. ಸರಿಹೋದರೆ "ಸರಿಹೋಯಿತು, ಸಲ್ಲಿಸಿದ್ದೇನೆ" ಅಂತ ಇನ್ನೊಂದು ಸಾಲು ಕಳಿಸಿದರಾಯಿತು. ಅದರಿಂದ ಯಾರಿಗೂ ಬೇಜಾರಿಲ್ಲ.

ಮೊದಲು ಹೆಲ್ಪ್‌ಡೆಸ್ಕ್‌ಗೆ ದೂರು ಕೊಡಿ. ಅವರು ಒಂದು ಟಿಕೆಟ್ ನಂಬರ್ ಕೊಡುತ್ತಾರೆ, ಅಂದರೆ ನಿಮ್ಮ ದೂರಿನ ಕ್ರಮಸಂಖ್ಯೆ. ಫೋನಿನಲ್ಲಿ ಮಾತಾಡಿದರೂ ಅದನ್ನು ಕೇಳಿ ಪಡೆಯಿರಿ. ಹೆಲ್ಪ್‌ಡೆಸ್ಕ್ ಮುಚ್ಚಿದ್ದರೂ ಮೇಲ್ ಹಾಕಿ, ಹೊತ್ತು ದಾಖಲಾಗುತ್ತದೆ. ಆಮೇಲೆ ಕಾಲೇಜಿನ ಇಮೇಲ್‌ನಿಂದಲೇ ಅಧ್ಯಾಪಕರಿಗೆ ಬರೆಯಿರಿ. ಪತ್ರ ಚಿಕ್ಕದಿರಲಿ, ಹೀಗಿದ್ದರೆ ಸಾಕು:

ವಿಷಯ: ಎರಡನೇ ಅಸೈನ್‌ಮೆಂಟ್ ಅಪ್‌ಲೋಡ್ ಆಗುತ್ತಿಲ್ಲ – (ಕೋರ್ಸಿನ ಹೆಸರು, ನಿಮ್ಮ ರಿಜಿಸ್ಟರ್ ನಂಬರ್)

ಮೇಡಂ, ನಮಸ್ಕಾರ.

ಇಂದು ರಾತ್ರಿ 11:59ರೊಳಗೆ ಕೊಡಬೇಕಾದ ಎರಡನೇ ಅಸೈನ್‌ಮೆಂಟನ್ನು 10:40ರಿಂದ ಅಪ್‌ಲೋಡ್ ಮಾಡಲು ನೋಡುತ್ತಿದ್ದೇನೆ. ಸಲ್ಲಿಸುವ ಬಟನ್ ಒತ್ತಿದಾಗಲೆಲ್ಲ 503 ಎರರ್ ಬರುತ್ತಿದೆ. ಬೇರೆ ಬ್ರೌಸರ್‌ನಲ್ಲೂ ಫೋನಿನ ಡೇಟಾದಲ್ಲೂ ಹಾಗೇ ಆಗುತ್ತಿದೆ. ಹೆಲ್ಪ್‌ಡೆಸ್ಕ್‌ಗೆ 10:55ಕ್ಕೆ ದೂರು ಕೊಟ್ಟಿದ್ದೇನೆ, ಟಿಕೆಟ್ ನಂಬರ್ ಕೆಳಗಿದೆ. ಮುಗಿಸಿದ ಫೈಲ್ ಮತ್ತು ಸ್ಕ್ರೀನ್‌ಶಾಟ್ ಇದರ ಜೊತೆಗಿವೆ. ಪೋರ್ಟಲ್ ಸರಿಯಾದ ಕೂಡಲೇ ಅಲ್ಲೂ ಹಾಕುತ್ತೇನೆ. ಬೇರೆ ರೀತಿ ಸಲ್ಲಿಸಬೇಕಿದ್ದರೆ ದಯವಿಟ್ಟು ತಿಳಿಸಿ.

ಇದರಲ್ಲಿ ಮುಖ್ಯವಾದದ್ದು ಜೊತೆಗಿಟ್ಟ ಫೈಲ್. ಗಡುವಿನೊಳಗೆ ಕೆಲಸ ಮುಗಿದಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇಮೇಲ್‌ನಲ್ಲಿ ಬಂದದ್ದನ್ನು ಸಲ್ಲಿಕೆ ಅಂತ ಒಪ್ಪುವುದು ಬಿಡುವುದು ಅಧ್ಯಾಪಕರಿಗೆ ಬಿಟ್ಟದ್ದು, ಆದರೂ ಕಳಿಸಿ.

ಸ್ನೇಹಿತರ ಗ್ರೂಪಿನಲ್ಲಿ "ನಂಗೂ ಬರ್ತಿಲ್ಲ" ಅಂತ ಹಾಕಿ ಸುಮ್ಮನಾಗಬೇಡಿ. ಅದು ತಿಳಿಸಿದ ಹಾಗಾಗಲಿಲ್ಲ. ಇನ್ನೊಂದು ಮಾತು: ಆಗದೇ ಇರುವ ತೊಂದರೆಯನ್ನು ಹೇಳಲೇಬೇಡಿ. ಯಾರು ಯಾವಾಗ ಲಾಗಿನ್ ಆದರು, ಯಾವ ಪುಟ ತೆರೆದರು ಎಂಬುದೆಲ್ಲ ಪೋರ್ಟಲ್‌ನ ಲಾಗ್‌ನಲ್ಲಿ, ಅಂದರೆ ಅದರ ದಿನಚರಿಯಲ್ಲಿ, ದಾಖಲಾಗುತ್ತದೆ. ನಿಮ್ಮ ಮಾತು ನಿಜವಾಗಿದ್ದರೆ ಅದೇ ಲಾಗ್ ನಿಮ್ಮ ಪರ ನಿಲ್ಲುತ್ತದೆ.

ಹಂತ 5: ಈಗ ರಿಪೇರಿ

ಪುಟ ಅರ್ಧಂಬರ್ಧ ತೆರೆಯುತ್ತಿದೆಯಾ, ಬಟನ್ ಒತ್ತಿದರೂ ಅಲ್ಲಾಡುತ್ತಿಲ್ಲವಾ? ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ವಿಂಡೋಸ್‌ನಲ್ಲಾದರೆ ಕ್ರೋಮ್ ಮತ್ತು ಎಡ್ಜ್‌ಗೆ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ಗೆ ಕಂಟ್ರೋಲ್, ಶಿಫ್ಟ್, ಪಿ. ಅಲ್ಲಿ ಸರಿ ನಡೆದರೆ ತಪ್ಪು ಕ್ಯಾಶ್, ಕುಕಿ ಅಥವಾ ಎಕ್ಸ್‌ಟೆನ್ಶನ್‌ನದು. ಕ್ಯಾಶ್ ಅಂದರೆ ಬೇಗ ತೆರೆಯಲಿ ಅಂತ ಬ್ರೌಸರ್ ಉಳಿಸಿಕೊಂಡ ಹಳೆಯ ಪುಟದ ಪ್ರತಿ. ಕುಕಿ ಅಂದರೆ ನೀವು ಯಾರು ಅಂತ ಸೈಟ್ ಗುರುತಿಗಾಗಿ ನಿಮ್ಮ ಬ್ರೌಸರ್‌ನಲ್ಲಿಟ್ಟ ಚೂರು ಮಾಹಿತಿ. ಎಕ್ಸ್‌ಟೆನ್ಶನ್ ಅಂದರೆ ಜಾಹೀರಾತು ತಡೆಯುವಂಥ ಕೆಲಸಕ್ಕೆ ನೀವೇ ಬ್ರೌಸರ್‌ಗೆ ಸೇರಿಸಿದ ಪುಟ್ಟ ಸಾಧನ.

ಪೋರ್ಟಲ್‌ನ ಕ್ಯಾಶ್ ಮತ್ತು ಕುಕಿ ಅಳಿಸಿ, ಜಾಹೀರಾತು ತಡೆಯನ್ನು ಆ ಸೈಟಿಗೆ ಆಫ್ ಮಾಡಿ. ಎಲ್ಲವನ್ನೂ ಒಟ್ಟಿಗೆ ಅಳಿಸುವಾಗ 'ಪಾಸ್‌ವರ್ಡ್‌ಗಳು' ಎಂಬ ಸಾಲಿಗೆ ಟಿಕ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದು ತೊಂದರೆ ಬಗೆಹರಿಸಲು ಹೋಗಿ ಹತ್ತು ತಂದುಕೊಂಡಂತೆ. ಪೋರ್ಟಲ್ ಒಳಗೆ ಬೇರೆ ಕಂಪನಿಯ ವಿಡಿಯೋ ಅಥವಾ ಪರೀಕ್ಷೆ ಮಾತ್ರ ತೆರೆಯುತ್ತಿಲ್ಲ ಅಂದರೆ, ಬ್ರೌಸರ್ ಹೊರಗಿನ ಸೈಟುಗಳ ಕುಕಿಗಳನ್ನು ತಡೆಯುತ್ತಿರಬಹುದು. ಪೋರ್ಟಲ್‌ಗೆ ಅನುಮತಿ ಕೊಡಿ, ಅಥವಾ ಆ ಪುಟವನ್ನು ಹೊಸ ಟ್ಯಾಬಿನಲ್ಲಿ ತೆರೆಯಿರಿ.

ಲಾಗಿನ್ ಆಗುತ್ತಿಲ್ಲವಾ? ಕ್ಯಾಪ್ಸ್ ಲಾಕ್ ನೋಡಿ. ಕೀಬೋರ್ಡ್ ಕನ್ನಡಕ್ಕೆ ಬದಲಾಗಿದೆಯಾ ನೋಡಿ. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದರಿಂದ ಇದು ಗೊತ್ತೇ ಆಗುವುದಿಲ್ಲ. ಇತ್ತೀಚೆಗೆ ಪಾಸ್‌ವರ್ಡ್ ಬದಲಿಸಿದ್ದರೆ ಬ್ರೌಸರ್ ಹಳೆಯದನ್ನೇ ತುಂಬುತ್ತಿರಬಹುದು. ಆ್ಯಪ್ ತೋರಿಸುವ ಆರಂಕಿಯ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೆ ಬದಲಾಗುತ್ತದೆ, ಅದು ಗಡಿಯಾರದ ಲೆಕ್ಕದಲ್ಲೇ ಹುಟ್ಟುವುದು. ಫೋನಿನ ಸಮಯ ತಪ್ಪಿದ್ದರೆ ಕೋಡೂ ತಪ್ಪೇ. ಸಮಯವನ್ನು ತಾನಾಗಿ ಹೊಂದಿಸಿಕೊಳ್ಳುವಂತೆ ಇಡಿ. ಊಹೆಯ ಮೇಲೆ ಮತ್ತೆ ಮತ್ತೆ ಪಾಸ್‌ವರ್ಡ್ ಒತ್ತಬೇಡಿ, ಖಾತೆ ಲಾಕ್ ಆಗಬಹುದು.

ಲೈವ್ ಕ್ಲಾಸ್ ತಡೆತಡೆದು ಬರುತ್ತಿದ್ದರೆ ನಿಮ್ಮ ಕ್ಯಾಮೆರಾ ಆಫ್ ಮಾಡಿ. ಝೂಮ್ ಹೇಳುವ ಪ್ರಕಾರ ಬರೀ ದನಿಗೆ ಬೇಕಾಗುವುದು ಸೆಕೆಂಡಿಗೆ 60ರಿಂದ 80 ಕಿಲೋಬಿಟ್, ವಿಡಿಯೋಗೆ ಅದರ ಹತ್ತುಪಟ್ಟು, ಇನ್ನೂ ಜಾಸ್ತಿ. ಹಿಂದೆ ನಡೆಯುತ್ತಿರುವ ಡೌನ್‌ಲೋಡ್, ಕ್ಲೌಡ್‌ಗೆ ಹೋಗುತ್ತಿರುವ ಫೋಟೋಗಳನ್ನು ನಿಲ್ಲಿಸಿ. ರೌಟರ್‌ಗೆ ಕೇಬಲ್ ಹಾಕಿ ಕೂರಲು ಆದರೆ ಅದೇ ಉತ್ತಮ. ವೈಫೈನಲ್ಲಿ ಎರಡು ಹೆಸರು ಕಂಡರೆ, 5 ಗಿಗಾಹರ್ಟ್ಸ್‌ನದು ವೇಗವಾಗಿರುತ್ತದೆ, ಆದರೆ ಗೋಡೆ ದಾಟಲು ಕಷ್ಟ. ರೌಟರ್ ದೂರದ ಕೋಣೆಯಲ್ಲಿದ್ದರೆ 2.4ರದೇ ವಾಸಿ.

ದನಿಯ ತೊಂದರೆಗೆ ಮೂರು ಕಡೆ ನೋಡಿ. ಕ್ಲಾಸಿನ ಆ್ಯಪ್‌ನಲ್ಲಿ ಸರಿಯಾದ ಮೈಕ್ ಆಯ್ಕೆ ಆಗಿದೆಯಾ, ಬ್ರೌಸರ್ ಮತ್ತು ಕಂಪ್ಯೂಟರ್ ಎರಡರ ಸೆಟ್ಟಿಂಗ್ಸ್‌ನಲ್ಲೂ ಮೈಕ್‌ಗೆ ಅನುಮತಿ ಇದೆಯಾ, ಬೇರೆ ಆ್ಯಪ್ ಮೈಕ್ ಹಿಡಿದುಕೊಂಡಿದೆಯಾ. ಸರಿಹೋಗದಿದ್ದರೆ ಹೊರಗೆ ಹೋಗಿ ಮತ್ತೆ ಸೇರಿ. ಮುಖ್ಯವಾದ ಸೆಮಿನಾರ್ ದಿನ ತಂತಿಯ ಇಯರ್‌ಫೋನ್ ಬಳಸಿ, ಚಾರ್ಜ್ ಮುಗಿಯುವ ಭಯವೂ ಇಲ್ಲ.

ಹಂತ 6: ಅಸೈನ್‌ಮೆಂಟ್ ನಿಜವಾಗಿ ಸಲ್ಲಿಕೆ ಆಗಿದೆಯಾ?

ಹೆಚ್ಚು ಅಂಕ ಕಳೆಯುವುದು ನೆಟ್ ಹೋದಾಗಲ್ಲ, ಎಲ್ಲ ಸರಿಯಾಯಿತು ಅಂತ ತಿಳಿದು ಎದ್ದು ಹೋದಾಗ ಅನ್ನುವುದು ನನ್ನ ಅನಿಸಿಕೆ. ಮೂಡಲ್‌ನಲ್ಲಿ ಕೆಲವು ಕೋರ್ಸುಗಳು ಫೈಲ್ ಹಾಕಿ ಸೇವ್ ಮಾಡಿದ ಮೇಲೆ ಇನ್ನೊಂದು ಬಟನ್ ಒತ್ತಲು ಕೇಳುತ್ತವೆ. ಫೈಲ್ ಹೆಸರು ಪುಟದಲ್ಲಿ ಕಾಣುತ್ತದೆ, ಪಕ್ಕದಲ್ಲಿ ದಿನಾಂಕವೂ ಇರುತ್ತದೆ. ಆದರೆ ಸ್ಥಿತಿಯ ಸಾಲಿನಲ್ಲಿ 'ಡ್ರಾಫ್ಟ್, ಸಲ್ಲಿಸಿಲ್ಲ' ಅಂತ ಇರುತ್ತದೆ. ಕೆಳಗಿರುವ 'ಸಬ್ಮಿಟ್ ಅಸೈನ್‌ಮೆಂಟ್' ಬಟನ್ ಒತ್ತಿ, ಖಚಿತಪಡಿಸಿದ ಮೇಲೇ ಅದು ಸಲ್ಲಿಕೆ. ಪುಟದಲ್ಲಿ ಫೈಲ್ ಕಂಡಿತು ಅಂತ ಲ್ಯಾಪ್‌ಟಾಪ್ ಮುಚ್ಚಬೇಡಿ. ಸ್ಥಿತಿಯ ಸಾಲು ಓದಿ.

ಆಮೇಲೆ ಇನ್ನೆರಡು ನಿಮಿಷ ಕೊಡಿ. ನೀವು ಹಾಕಿದ ಫೈಲನ್ನು ಪೋರ್ಟಲ್‌ನಿಂದಲೇ ಡೌನ್‌ಲೋಡ್ ಮಾಡಿ ತೆರೆಯಿರಿ. ಖಾಲಿ ಇದೆಯಾ? ಹಳೆಯ ಡ್ರಾಫ್ಟಾ? ಬೇರೆ ವಿಷಯದ ಫೈಲಾ? ಎಲ್ಲ ಸರಿ ಇದ್ದರೆ ಸಲ್ಲಿಕೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಖಚಿತಪಡಿಸುವ ಮೇಲ್ ಬಂದರೆ ಅಳಿಸಬೇಡಿ.

ಫೈಲ್ ರೂಪದಲ್ಲೂ ಎಡವುವವರಿದ್ದಾರೆ. ಮ್ಯಾಕ್‌ನ ಪೇಜಸ್ ಫೈಲ್, ಐಫೋನ್‌ನ ಹೈಕ್ (HEIC) ರೂಪದ ಫೋಟೋ ಅಧ್ಯಾಪಕರ ಕಂಪ್ಯೂಟರ್‌ನಲ್ಲಿ ತೆರೆಯದೇ ಹೋಗಬಹುದು. ಬೇರೆ ರೂಪ ಕೇಳದಿದ್ದರೆ ಪಿಡಿಎಫ್ ಮಾಡಿ ಕೊಡಿ. ಕೈಬರಹದ ಹಾಳೆಗಳನ್ನು ಒಂದೊಂದೇ ಫೋಟೋ ಆಗಿ ಹಾಕದೆ, ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ಒಂದೇ ಪಿಡಿಎಫ್ ಮಾಡಿ. ಗಾತ್ರವೂ ಇಳಿಯುತ್ತದೆ, ಪುಟಗಳ ಕ್ರಮವೂ ತಪ್ಪುವುದಿಲ್ಲ. ಗೂಗಲ್ ಡ್ರೈವ್ ಲಿಂಕ್ ಕೊಡುವಾಗ ನೋಡುವ ಅನುಮತಿ ತೆರೆದಿದೆಯಾ ಅಂತ ಖಾಸಗಿ ಕಿಟಕಿಯಲ್ಲಿ ಪರೀಕ್ಷಿಸಿ. ಕಾಲೇಜಿನ ಖಾತೆಯವರಿಗೆ ಮಾತ್ರ ಅನುಮತಿ ಕೊಟ್ಟಿದ್ದರೆ ಅಲ್ಲಿ ಲಾಗಿನ್ ಕೇಳುತ್ತದೆ, ಅದು ತಪ್ಪಲ್ಲ.

ಗಡುವಿನ ಗಡಿಯಾರವನ್ನೂ ಸರಿಯಾಗಿ ಓದಿ. "15ನೇ ತಾರೀಖು, ಮಧ್ಯರಾತ್ರಿ 12:00" ಅಂದರೆ ಗಡಿಯಾರದ ಲೆಕ್ಕದಲ್ಲಿ 15ನೇ ತಾರೀಖು ಶುರುವಾಗುವ ಹೊತ್ತು, ಮುಗಿಯುವ ಹೊತ್ತಲ್ಲ. ಅನುಮಾನ ಬಂದರೆ ಮೊದಲೇ ಕೇಳಿ. ಬೇರೆ ದೇಶದ ಕಾಲೇಜಾದರೆ ಅಲ್ಲಿನ ಸಮಯವಾ ಇಲ್ಲಿನದಾ ನೋಡಿ, ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ನಿಮ್ಮ ಟೈಮ್ ಝೋನ್ ಸರಿಯಿದೆಯಾ ಪರೀಕ್ಷಿಸಿ. ಮನೆಯ ನೆಟ್‌ಗಳಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡ್‌ಗಿಂತ ಕಡಿಮೆ ಇರುವುದೇ ಜಾಸ್ತಿ. ಹಾಗಾಗಿ ವಿಡಿಯೋ ಅಸೈನ್‌ಮೆಂಟನ್ನು ಕೊನೆ ಗಂಟೆಗೆ ಇಟ್ಟುಕೊಳ್ಳಬೇಡಿ.

ಹಂತ 7: ಆನ್‌ಲೈನ್ ಪರೀಕ್ಷೆ

ಪರೀಕ್ಷೆಯ ಹಿಂದಿನ ದಿನ, ಅದೇ ಯಂತ್ರ, ಅದೇ ಜಾಗ, ಅದೇ ನೆಟ್‌ನಲ್ಲಿ ಒಮ್ಮೆ ಅಭ್ಯಾಸ ಪರೀಕ್ಷೆ ತೆರೆಯಿರಿ. ಪರೀಕ್ಷೆಗೆ ಲಾಕ್‌ಡೌನ್ ಬ್ರೌಸರ್ ಬೇಕಿದ್ದರೆ, ಅಂದರೆ ಪರೀಕ್ಷೆ ಬಿಟ್ಟು ಬೇರೇನೂ ತೆರೆಯಲು ಬಿಡದ ವಿಶೇಷ ಬ್ರೌಸರ್, ಅದನ್ನು ಅಂದೇ ಹಾಕಿ ನಡೆಸಿ ನೋಡಿ. ಸೇಫ್ ಎಕ್ಸಾಮ್ ಬ್ರೌಸರ್ ವಿಂಡೋಸ್, ಮ್ಯಾಕ್, ಐಪ್ಯಾಡ್‌ಗಳಲ್ಲಿ ನಡೆಯುತ್ತದೆ. ಲಿನಕ್ಸ್ ಬಳಸುವವರು ಬೇರೆ ಯಂತ್ರದ ಏರ್ಪಾಡು ಮಾಡಿಕೊಳ್ಳಬೇಕು. ವಿಂಡೋಸ್ ಅಪ್‌ಡೇಟ್ ಬಾಕಿಯಿದ್ದರೆ ಹಿಂದಿನ ದಿನವೇ ಮುಗಿಸಿ. ಪರೀಕ್ಷೆಯ ದಿನ ಲ್ಯಾಪ್‌ಟಾಪ್ ಚಾರ್ಜರ್‌ನಲ್ಲೇ ಇರಲಿ.

ಮಧ್ಯದಲ್ಲಿ ನೆಟ್ ಹೋದರೆ ಪುಟವನ್ನು ಹಾಗೇ ಬಿಡಿ. ಹಿಂದಕ್ಕೆ ಹೋಗುವ ಬಟನ್ ಒತ್ತಬೇಡಿ. ಮೂಡಲ್, ಕ್ಯಾನ್ವಾಸ್‌ನಂಥವು ಸಾಮಾನ್ಯವಾಗಿ ಉತ್ತರಗಳನ್ನು ಆಗಾಗ ತಾವೇ ಸೇವ್ ಮಾಡುತ್ತವೆ, ಹಾಗಾಗಿ ಬರೆದಿದ್ದರಲ್ಲಿ ಹೆಚ್ಚಿನದು ಸರ್ವರ್‌ನಲ್ಲಿ ಇರುತ್ತದೆ. ಆದರೆ ಸಮಯ ಓಡುತ್ತಲೇ ಇರುತ್ತದೆ, ಏಕೆಂದರೆ ಆ ಗಡಿಯಾರ ಇರುವುದು ಸರ್ವರ್‌ನಲ್ಲಿ. ಬೇಗ ಹಾಟ್‌ಸ್ಪಾಟ್‌ಗೆ ಬದಲಿಸಿ, ಪುಟ ತಾನಾಗಿ ಸೇರಿಕೊಳ್ಳದಿದ್ದರೆ ಮತ್ತೆ ಲಾಗಿನ್ ಆಗಿ, ಬಿಟ್ಟ ಪ್ರಯತ್ನವನ್ನು ಮುಂದುವರಿಸುವ ಬಟನ್ ಒತ್ತಿ. ಒಂದೇ ಪರೀಕ್ಷೆಯನ್ನು ಎರಡು ಟ್ಯಾಬಿನಲ್ಲಿ ತೆರೆಯಬೇಡಿ. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಅಳಿಸಿಬಿಡಬಹುದು.

ಕ್ಯಾಮೆರಾ ಇಟ್ಟು ನಿಗಾ ಮಾಡುವ ಪರೀಕ್ಷೆಯಲ್ಲಿ ವಿಷಯ ಬೇರೆ. ಅಲ್ಲಿ ಫೋನ್ ಕೈಗೆತ್ತಿಕೊಂಡರೆ ಅದೇ ತಪ್ಪು ಅಂತ ದಾಖಲಾಗಬಹುದು. ನೆಟ್ ಹೋದರೆ ಹಾಟ್‌ಸ್ಪಾಟ್ ಬಳಸಬಹುದಾ, ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಬಹುದಾ ಎಂದು ಮುಂಚೆಯೇ ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆದಿಡಿ. ಇದನ್ನು ಕೇಳಲು ಸಂಕೋಚವೇ ಬೇಡ.

ದೊಡ್ಡ ಉತ್ತರಗಳನ್ನು, ನಿಯಮ ಬಿಟ್ಟರೆ, ಬೇರೆ ಡಾಕ್ಯುಮೆಂಟಿನಲ್ಲಿ ಟೈಪ್ ಮಾಡಿ ಆಮೇಲೆ ಪೇಸ್ಟ್ ಮಾಡಿ. ಕಂಟ್ರೋಲ್, ಶಿಫ್ಟ್, ವಿ ಒತ್ತಿದರೆ ಫಾಂಟ್, ಬಣ್ಣ ಇತ್ಯಾದಿ ಬರದೆ ಬರೀ ಅಕ್ಷರ ಬರುತ್ತದೆ.

ಹಂತ 8: ಮುಗಿದ ಮೇಲೆ

ಎರಡು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ಮುಂದುವರಿಸಿ ವಿನಯದಿಂದ ನೆನಪಿಸಿ. ಹೊಸ ಮೇಲ್ ಶುರು ಮಾಡಬೇಡಿ, ಹಳೆಯ ಸಮಯ ಮತ್ತು ಸ್ಕ್ರೀನ್‌ಶಾಟ್ ಅಲ್ಲೇ ಇರಲಿ. ಆಮೇಲೂ ಉತ್ತರ ಇಲ್ಲದಿದ್ದರೆ ವಿಭಾಗದ ಮುಖ್ಯಸ್ಥರಿಗೆ ಅದೇ ಸರಣಿಯನ್ನು ಕಳಿಸಿ.

ಮನೆಯ ನೆಟ್ ಪದೇ ಪದೇ ಕೈಕೊಡುತ್ತಿದ್ದರೆ, ಲ್ಯಾಪ್‌ಟಾಪ್ ಹಳೆಯದಾಗಿ ನಡೆಯುತ್ತಲೇ ಇಲ್ಲ ಅಂದರೆ, ಸೆಮಿಸ್ಟರ್ ಶುರುವಿನಲ್ಲೇ ಅಧ್ಯಾಪಕರಿಗೆ ಹೇಳಿ. ಯಂತ್ರ ಎರವಲು ಕೊಡುವ, ಲೈಬ್ರರಿ ಅಥವಾ ಲ್ಯಾಬಿನಲ್ಲಿ ಪರೀಕ್ಷೆ ಬರೆಯಲು ಬಿಡುವ ಕಾಲೇಜುಗಳಿವೆ, ಕೇಳದೆ ಗೊತ್ತಾಗುವುದಿಲ್ಲ. ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಪೋರ್ಟಲ್‌ನ ಯಾವುದೋ ಪುಟ ಓದಲು ಆಗದಿದ್ದರೆ, ಅದು ಪೋರ್ಟಲ್‌ನ ಕೊರತೆ, ನಿಮ್ಮದಲ್ಲ. ಅಂಗವಿಕಲ ವಿದ್ಯಾರ್ಥಿಗಳ ನೆರವಿಗೆ ಕಾಲೇಜಿನಲ್ಲಿ ಯಾರಿದ್ದಾರೋ ಅವರಿಗೆ ಕೂಡಲೇ ತಿಳಿಸಿ, ಬದಲಿ ರೂಪದ ಪಾಠವನ್ನೂ ಹೆಚ್ಚುವರಿ ಸಮಯವನ್ನೂ ಕೇಳಿ.

ಸ್ಕ್ರೀನ್‌ಶಾಟ್, ಟಿಕೆಟ್ ನಂಬರ್, ಮೇಲ್‌ಗಳು, ಸಲ್ಲಿಸಿದ ಫೈಲ್‌ಗಳನ್ನು ಕೋರ್ಸಿನ ಹೆಸರಿನ ಒಂದು ಫೋಲ್ಡರ್‌ನಲ್ಲಿ ಹಾಕಿ. ತೊಂದರೆ ಆದ ಅಸೈನ್‌ಮೆಂಟಿಗೆ ಪೋರ್ಟಲ್‌ನಲ್ಲಿ ಸೊನ್ನೆಯೋ 'ತಡ' ಎಂಬ ಗುರುತೋ ಉಳಿದಿದೆಯಾ ಅಂತ ಫಲಿತಾಂಶ ಪ್ರಕಟವಾಗುವ ಮೊದಲು ಒಮ್ಮೆ ನೋಡಿ. ಅಂತಿಮ ಅಂಕಪಟ್ಟಿ ಕೈಗೆ ಬರುವವರೆಗೂ ಆ ಫೋಲ್ಡರ್ ಅಳಿಸಬೇಡಿ.